ಹದ ಕಾಯುವುದು

ನಾಲ್ಕು ವರ್ಷದ ಹಿಂದೆ ಎಳ್ಳ ಅಮವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಸುತ್ತಲೂ ಎರೆಹೊಲ. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಬದುವಿನ ಮೇಲೆ ಸಾಲಾಗಿ ಕೂತು ಊಟ. ಮುಂಬೈ, ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ರಜೆ ಸಿಗದ ವರ್ಷ ಆ ದಿನ ಆಫೀಸಿನಲ್ಲಿ ಕೂತು ಡಬ್ಬಿ ಬಿಚ್ಚುವಾಗ ಏನನಿಸುತ್ತದೆ ಎಂಬುದು ಅವರಿಗೂ ಗೊತ್ತು.

ಚರಗ ಚೆಲ್ಲುತ್ತ ತಮ್ಮನ ಹಿಂದೆ ನಡೆಯುತ್ತಿದ್ದೆ. ಕಡಲೆ ಕಾಯಿ ಕಟ್ಟಿತ್ತು. ಆ ಹಸಿರಿನ ನಡುವೆ ಎರಡು ಗೆರೆ ಕಂಡವು. ಈ ಬದುವಿನಿಂದ ಆ ಬದುವಿನವರೆಗೆ ಜೋಡಿಯಾಗಿ, ನೆಟ್ಟಗೆ ಹೋಗಿದ್ದವು. ಗೆರೆಯೊಳಗಿನ ಗಿಡಗಳು ಒಂದು ಗೇಣಿಗೆ ನಿಂತು ಹಳದಿಗೆ ತಿರುಗಿದ್ದವು. ಎರಡು ಮಾರು ಆಚೆ ಮತ್ತೆ ಅಂಥದೇ ಜೋಡಿ ಗೆರೆ. ಅದರಾಚೆ ಇನ್ನೊಂದು.

"ಏನೋ ಇದು, ರೋಗ ಬಿದ್ದೈತೇನು?" ಅಂದೆ.

"ರೋಗ ಅಲ್ಲ ಯಕ್ಕಾ. ಹೆಸರು ಕೊಯ್ಯಾಕ ಮಷೀನ್ ಬಂದಿತ್ತಲ್ಲ, ಅದರ ಗಾಲಿ."

ಹೆಸರು ಕೊಯ್ದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿಂದ ಮೂರೂವರೆ ತಿಂಗಳಾಗಿತ್ತು. ನಡುವೆ ಹೊಲ ಹರಗಿದ್ದಾಗಿತ್ತು, ಬಿತ್ತಿದ್ದಾಗಿತ್ತು, ಎಡೆ ಹೊಡೆದದ್ದಾಗಿತ್ತು. ಮೇಲೆ ನೋಡಿದರೆ ಎಲ್ಲ ಒಂದೇ ಸಮ ಮಣ್ಣು. ಆದರೂ ಮಷೀನು ಎಲ್ಲೆಲ್ಲಿ ಓಡಾಡಿತ್ತೆಂದು ಬೆಳೆ ತೋರಿಸುತ್ತಿತ್ತು. ಬೇರೆ ಯಾರಾದರೂ ನೋಡಿ ಮುಂದೆ ಹೋಗುತ್ತಿದ್ದರೇನೋ. ನನಗೆ ಆಗಲಿಲ್ಲ, ಯಾಕೆಂದರೆ ಮಣ್ಣು ಒತ್ತುವುದೇ ನನ್ನ ಹೊಟ್ಟೆಪಾಡು.

ನಾನು ಹೈದರಾಬಾದಿನಲ್ಲಿ ರಸ್ತೆ ಕೆಲಸಗಳ ಮಣ್ಣು ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ರಸ್ತೆ ಕುಸಿಯಬಾರದು ಎಂದರೆ ಕೆಳಗಿನ ಮಣ್ಣಿನಲ್ಲಿ ಗಾಳಿಗೆ ಜಾಗ ಇರಬಾರದು. ಅದಕ್ಕೆ ನಾವು ಮೊದಲು ಮಾಡುವುದು ಪ್ರಾಕ್ಟರ್ ಪರೀಕ್ಷೆ. ಆರ್. ಆರ್. ಪ್ರಾಕ್ಟರ್ ಎಂಬ ಅಮೆರಿಕದ ಇಂಜಿನಿಯರ್ ಮಣ್ಣಿನ ಅಣೆಕಟ್ಟುಗಳಿಗಾಗಿ ಈ ವಿಧಾನವನ್ನು ರೂಪಿಸಿ 1933ರಲ್ಲಿ ಪ್ರಕಟಿಸಿದ. ಈಗ ರಸ್ತೆಗಳಿಗೆ ಬಳಸುವ ಪರೀಕ್ಷೆಯಲ್ಲಿ ಕಬ್ಬಿಣದ ಡಬ್ಬಿಗೆ ಐದು ಪದರವಾಗಿ ಮಣ್ಣು ತುಂಬಿ, ಪ್ರತಿ ಪದರದ ಮೇಲೆ 4.9 ಕಿಲೋ ತೂಕದ ಗುದ್ದನ್ನು 45 ಸೆಂಟಿಮೀಟರ್ ಎತ್ತರದಿಂದ 25 ಸಲ ಬೀಳಿಸುತ್ತೇವೆ. ಪ್ರತಿ ಸಲ ನೀರು ಸ್ವಲ್ಪ ಹೆಚ್ಚಿಸಿ ಅದೇ ಕೆಲಸ ಮತ್ತೆ ಮಾಡುತ್ತೇವೆ.

ಒಣಗಿದ ಮಣ್ಣು ಗುದ್ದಿಗೆ ಸುಲಭವಾಗಿ ಬಗ್ಗುವುದಿಲ್ಲ, ಕಣಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ತೀರ ಹಸಿ ಮಣ್ಣೂ ಅಷ್ಟಾಗಿ ಒತ್ತಿಕೊಳ್ಳುವುದಿಲ್ಲ, ಸಂದುಗಳಲ್ಲಿ ಆಗಲೇ ನೀರು ತುಂಬಿರುತ್ತದೆ. ಇವೆರಡರ ನಡುವೆ ಒಂದು ಹಂತವಿದೆ. ಅಲ್ಲಿ ನೀರು ಎಣ್ಣೆ ಸವರಿದ ಹಾಗೆ ಕೆಲಸ ಮಾಡುತ್ತದೆ, ಕಣಗಳು ಜಾರಿ ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ. ಆ ಹಂತದಲ್ಲಿ ರೋಲರ್ ಓಡಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಗಟ್ಟಿ ನೆಲ ಸಿಗುತ್ತದೆ. ಡಾಂಬರಿನ ಪದರಗಳ ಕೆಳಗಿನ ಮಣ್ಣು ಲ್ಯಾಬ್‌ನಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 97ರಷ್ಟನ್ನಾದರೂ ತಲುಪಬೇಕು. ತಲುಪದಿದ್ದರೆ ನಾನು ಸಹಿ ಹಾಕುವುದಿಲ್ಲ.

ನಡುವಿನ ಆ ಹಂತವನ್ನು ನಾನು ಮೊದಲು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಕೈಯಲ್ಲಿ. ಅಪ್ಪ ಅದಕ್ಕೆ ಹದ ಅನ್ನುತ್ತಿದ್ದ. ಮಳೆ ನಿಂತ ಮೇಲೆ ದಿನಾ ಮುಂಜಾನೆ ಹೊಲಕ್ಕೆ ಹೋಗಿ, ನಾಲ್ಕು ಬೆರಳಿನ ಕೆಳಗಿನ ಮಣ್ಣು ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಒತ್ತಿ ಉಂಡಿ ಮಾಡುತ್ತಿದ್ದ. ಅದನ್ನು ಸೊಂಟದೆತ್ತರದಿಂದ ಕೆಳಗೆ ಬಿಡುತ್ತಿದ್ದ. ಉಂಡಿ ಚಪ್ಪಟೆಯಾಗಿ ಕೂತರೆ, "ಇನ್ನ ಎರಡ ದಿನ ತಡೀರಿ." ಒಡೆದು ಹರಳು ಹರಳಾದರೆ ಎತ್ತು ಹೂಡು ಎಂದರ್ಥ. ಸಂಶಯವಿದ್ದರೆ ಅಂಗೈ ನಡುವೆ ಹೊಸೆದು ಬತ್ತಿ ಮಾಡುತ್ತಿದ್ದ. ಶ್ಯಾವಿಗೆಯ ಹಾಗೆ ಎಳೆ ಬಂದರೆ ಹಸಿ, ನಡುವೆ ತುಂಡಾದರೆ ಸರಿ. ಇಂಜಿನಿಯರಿಂಗ್ ಓದುವಾಗ ಗಾಜಿನ ಹಲಗೆಯ ಮೇಲೆ ಮಣ್ಣನ್ನು 3 ಮಿಲಿಮೀಟರ್ ದಪ್ಪದ ಎಳೆಯಾಗಿ ಹೊಸೆದು, ಎಷ್ಟು ತೇವದಲ್ಲಿ ಅದು ತುಂಡಾಗುತ್ತದೆಂದು ಅಳೆಯುವ ಪರೀಕ್ಷೆ ಮಾಡಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಹತ್ತಿರ ಗಾಜಿನ ಹಲಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ವಿಷಯ ಮಾತ್ರ ನನಗೆ ಬಹಳ ತಡವಾಗಿ ಹೊಳೆಯಿತು. ಅಪ್ಪನ ಹದವೂ ನಮ್ಮ ರೋಲರಿನ ಹದವೂ ಅಕ್ಕಪಕ್ಕದ ಮನೆಯವು. ಮಣ್ಣು ಸಡಿಲಗೊಳ್ಳಲು ಬೇಕಾದ ತೇವಕ್ಕೂ ಅದೇ ಮಣ್ಣು ಒತ್ತಿಹೋಗುವ ತೇವಕ್ಕೂ ನಡುವೆ ಒಂದೆರಡು ದಿನದ ಬಿಸಿಲಷ್ಟೇ ಅಂತರ. ಆ ಒಂದೆರಡು ದಿನ ಕಾಯುವುದರಲ್ಲೇ ಒಕ್ಕಲುತನದ ಅರ್ಧ ಬುದ್ಧಿ ಇತ್ತು.

ಕಾಯುವುದನ್ನು ನಮ್ಮ ಮನೆಯಿಂದ ತೆಗೆದುಹಾಕಿದ್ದು ನಾನೇ.

2019ರಲ್ಲಿ ತಮ್ಮ ಟ್ರ್ಯಾಕ್ಟರ್ ತಗೊಂಡ. ಮುಂಗಡದ ದುಡ್ಡು ನನ್ನದು, ಉಳಿದದ್ದು ಸಾಲ, ಏಳು ವರ್ಷ, ಆರು ತಿಂಗಳಿಗೊಂದು ಕಂತು. ಅಪ್ಪನಿಗೆ ಮನಸ್ಸಿರಲಿಲ್ಲ. ನಾನೇ ಫೋನಿನಲ್ಲಿ ವಾದ ಮಾಡಿದೆ. ಎಲ್ಲರೂ ತಗೊಂಡಿದ್ದಾರೆ, ನಿನ್ನ ಮೊಣಕಾಲು ನೋಯುತ್ತಿದೆ, ಅವನೊಬ್ಬನೇ ಎಷ್ಟು ಮಾಡುತ್ತಾನೆ ಎಂದೆಲ್ಲ ಹೇಳಿದೆ. ಆ ಮಾತು ಸುಳ್ಳೂ ಅಲ್ಲ. ಮನೆಯಲ್ಲಿ ಕೈಗಳು ಕಡಿಮೆಯಾಗಿದ್ದವು. ಕಡಿಮೆಯಾದ ಕೈಗಳಲ್ಲಿ ಎರಡು ನನ್ನವೇ. ಎತ್ತುಗಳನ್ನು ಮಾರಿದ ದಿನ ಅಪ್ಪ ಉಣ್ಣಲಿಲ್ಲ. ಮರುದಿನ ಇಷ್ಟೇ ಅಂದ: "ನೆಲ ಹಸಿ ಇದ್ರ ಎತ್ತು ನಿಂತಬಿಡತಾವ ಯವ್ವಾ. ಕಾಲಿಗೆ ಕೆಸರು ಮೆತ್ತಿದ್ರ ಮುಂದ ಹೆಜ್ಜಿ ಇಡೂದಿಲ್ಲ. ಟ್ರ್ಯಾಕ್ಟರಿಗೆ ಅದು ತಿಳಿಯೂದಿಲ್ಲ."

ಅವ್ವನ ಮಾತು ಬೇರೆಯೇ ಇತ್ತು. "ಎತ್ತು ಹ್ವಾದ್ವು, ನನ್ನ ಬೆನ್ನು ಉಳೀತು" ಅಂದಳು. ನಲವತ್ತು ವರ್ಷ ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಮೇವು ಹಾಕಿ, ನೀರು ಹೊತ್ತವಳು ಅವಳು. ಆದ್ದರಿಂದ ಎತ್ತಿನ ಕಾಲ ಚೆನ್ನಾಗಿತ್ತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳು ನನ್ನನ್ನು ಬಿಡುವುದೂ ಇಲ್ಲ.

ಅಪ್ಪ 2021ರಲ್ಲಿ ತೀರಿಕೊಂಡ. ಅದಾದ ಮೇಲಿನ ಮೊದಲ ಎಳ್ಳ ಅಮವಾಸ್ಯೆಯಲ್ಲೇ ನಾನು ಆ ಗೆರೆಗಳನ್ನು ಕಂಡದ್ದು.

ಮರುದಿನ ಮುಂಜಾನೆ ತಮ್ಮನನ್ನು ಎಬ್ಬಿಸಿಕೊಂಡು ಹೊಲಕ್ಕೆ ಹೋದೆ. ಎರಡು ಗುಂಡಿ ತೋಡಿದೆವು. ಮೊದಲನೆಯದು ಬದುವಿನ ಬೇವಿನ ಗಿಡದ ಹತ್ತಿರ, ಯಾವ ಗಾಲಿಯೂ ಹೋಗದ ಜಾಗದಲ್ಲಿ. ಅಲ್ಲಿ ಸಲಿಕೆ ಸಲೀಸಾಗಿ ಇಳಿಯಿತು. ಹೆಂಟೆ ಎತ್ತಿ ಕೈಯಲ್ಲಿ ಹಿಸುಕಿದರೆ ಕಡಲೆಕಾಳಿನಷ್ಟು, ನೆಲ್ಲಿಕಾಯಿಯಷ್ಟು ಹರಳುಗಳಾಗಿ ಬಿಡಿಸಿಕೊಂಡಿತು. ನಡುವೆ ಹಳೆಯ ಬೇರುಗಳ ತೂತು, ಎರೆಹುಳದ ದಾರಿ.

ಎರಡನೆಯದು ಗಾಲಿಯ ಗೆರೆಯಲ್ಲಿ. ಮೇಲಿನ ನಾಲ್ಕು ಬೆರಳು ಮಣ್ಣು ಸಡಿಲವಾಗಿಯೇ ಇತ್ತು, ಕುಂಟೆ ಅಷ್ಟನ್ನು ಸರಿಮಾಡಿತ್ತು. ಒಂದು ಗೇಣು ಇಳಿಯುವಷ್ಟರಲ್ಲಿ ಸಲಿಕೆ ನಿಂತಿತು. ತಮ್ಮ ಕಾಲು ಕೊಟ್ಟು ಒತ್ತಿದ. ಮಣ್ಣು ಹರಳಾಗಿ ಬರಲಿಲ್ಲ, ಒಂದರ ಮೇಲೊಂದು ಪೇರಿಸಿಟ್ಟ ಕಟಕ ರೊಟ್ಟಿಯ ಹಾಗೆ ಚಪ್ಪಟೆ ಬಿಲ್ಲೆಗಳಾಗಿ ಎದ್ದಿತು. ಒಂದು ಕಡಲೆ ಗಿಡವನ್ನು ಬೇರಿನ ಸಮೇತ ಬಿಡಿಸಿದೆ. ತಾಯಿಬೇರು ನೆಟ್ಟಗೆ ಒಂದು ಗೇಣು ಇಳಿದು, ಆ ಪದರ ಮುಟ್ಟಿದಲ್ಲಿ ಕುಡಗೋಲಿನ ಹಾಗೆ ಬಾಗಿ ಅಡ್ಡಕ್ಕೆ ಹೋಗಿತ್ತು. ಎರೆಹೊಲದ ಹಿಂಗಾರಿ ಬೆಳೆ ಬದುಕುವುದೇ ಆಳದಲ್ಲಿ ಉಳಿದ ಮಳೆಗಾಲದ ತೇವದಿಂದ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂದರೆ ಆ ಗಿಡ ನೀರಿನ ಮೇಲೆಯೇ ಕೂತು ಬಾಯಾರಿ ಒಣಗುತ್ತಿತ್ತು.

ತಮ್ಮ ಆ ಬೇರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ನಾನು ಸುಮ್ಮನಿರಬೇಕಿತ್ತು. "ಹದ ಕಾಯಬೇಕಿತ್ತಲ್ಲೋ" ಅಂದೆ.

ಅವನು ಸಿಟ್ಟಾಗಲಿಲ್ಲ. "ಹದ ಕಾಯಬೇಕಂತ ನನಗೂ ಗೊತ್ತೈತಿ ಯಕ್ಕಾ. ಅಪ್ಪನ ಮಗಾ ನಾನೂ ಹೌದು. ಆದ್ರ ಕಂತು ಕಾಯತೈತೇನು?"

ಆಮೇಲೆ ಲೆಕ್ಕ ಹೇಳಿದ. ನಮ್ಮ ಎಂಟು ಎಕರೆಯಿಂದ ಟ್ರ್ಯಾಕ್ಟರಿನ ಸಾಲ ತೀರುವುದಿಲ್ಲ. ಬೇರೆಯವರ ಹೊಲಕ್ಕೆ ಬಾಡಿಗೆಗೆ ಹೋಗಲೇಬೇಕು. ಮಳೆ ನಿಂತ ಮರುದಿನವೇ ಫೋನ್ ಶುರುವಾಗುತ್ತದೆ. ಇವನು ಎರಡು ದಿನ ತಡೆಯಿರಿ ಎಂದರೆ ಅವರು ಇನ್ನೊಬ್ಬನನ್ನು ಕರೆಯುತ್ತಾರೆ. ಊರವರ ಹೊಲ ಮುಗಿಸಿ ಬರುವಷ್ಟರಲ್ಲಿ ನಮ್ಮ ಹೊಲ ಒಣಗಿರುತ್ತದೆ, ಇಲ್ಲವೇ ಮತ್ತೆ ಮಳೆ ಬಂದಿರುತ್ತದೆ. ಹೀಗಾಗಿ ಹೊಲ ಹೇಗಿದೆಯೋ ಹಾಗೆ ಇಳಿಸುವುದು. ಕೊಯ್ಲಿನ ಮಷೀನಿನದು ಇನ್ನೂ ಅವಸರ. ಅದು ದೂರದಿಂದ ಬಂದದ್ದು, ಇವತ್ತು ಇಲ್ಲಿ, ನಾಳೆ ಮುಂದಿನ ಊರು. ಆ ವರ್ಷ ಹೆಸರು ಒಣಗಿ ನಿಂತಿತ್ತು, ಮತ್ತೆ ಮಳೆಯಾದರೆ ಕಾಯಿಯಲ್ಲೇ ಮೊಳಕೆ ಬರುತ್ತಿತ್ತು. ನೆಲದಲ್ಲಿ ಹಸಿ ಇದ್ದರೂ ಮಷೀನು ಇಳಿಯಿತು.

ನಾನು ಹೈದರಾಬಾದಿಗೆ ವಾಪಸ್ ಬಂದ ಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ. ನಮ್ಮ ಸೈಟಿನಲ್ಲಿ ಮಳೆ ಬಂದರೆ ರೋಲರ್ ಎರಡು-ಮೂರು ದಿನ ನಿಲ್ಲುತ್ತದೆ. ತೇವ ಸರಿಹೋಗುವವರೆಗೆ ನಾನು ಕೆಲಸಕ್ಕೆ ಒಪ್ಪಿಗೆ ಕೊಡುವುದಿಲ್ಲ. ನಿಂತ ರೋಲರಿಗೂ ಡ್ರೈವರಿಗೂ ದಿನದ ಬಾಡಿಗೆ ಹೋಗುತ್ತಲೇ ಇರುತ್ತದೆ, ಅದು ಕೆಲಸದ ಖರ್ಚಿನಲ್ಲಿ ಮೊದಲೇ ಸೇರಿರುತ್ತದೆ. ಮಣ್ಣನ್ನು ಗಟ್ಟಿ ಮಾಡುವ ಕೆಲಸಕ್ಕೆ ಕಾಯಲು ದುಡ್ಡಿದೆ. ಮಣ್ಣನ್ನು ಸಡಿಲವಾಗಿ ಉಳಿಸಬೇಕಾದವನಿಗೆ ಕಾಯಲು ದುಡ್ಡಿಲ್ಲ. ಟ್ರ್ಯಾಕ್ಟರಿನ ತಪ್ಪು ಎಂದು ನಾನು ತಿಳಿದುಕೊಂಡಿದ್ದು ನಿಜವಾಗಿ ಕಂತಿನ ಅವಸರವಾಗಿತ್ತು.

ಹಾಗೆಂದು ಭಾರದ ಲೆಕ್ಕ ಬಿಡುವ ಹಾಗಿಲ್ಲ. ಎತ್ತಿನ ಗೊರಸೂ ನೆಲವನ್ನು ಒತ್ತುತ್ತದೆ. ಗೊರಸು ಚಿಕ್ಕದು, ಮೈ ದೊಡ್ಡದು, ಆದ್ದರಿಂದ ಒಂದು ಚದರ ಅಂಗುಲಕ್ಕೆ ಬೀಳುವ ಒತ್ತಡ ಟ್ರ್ಯಾಕ್ಟರಿನ ಟೈರಿಗಿಂತ ಕಡಿಮೆಯೇನಲ್ಲ. ಆದರೆ ಒತ್ತಡ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಒಟ್ಟು ಭಾರ. ಎತ್ತಿನ ತುಳಿತ ಮೇಲಿನ ಕೆಲವು ಬೆರಳಿಗೆ ಮುಗಿಯುತ್ತದೆ, ಮುಂದಿನ ಹರಗುವಿಕೆಯಲ್ಲಿ ಬಿಡಿಸಿಕೊಳ್ಳುತ್ತದೆ. 45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟನ್ನಿನ ಆಸುಪಾಸು. ಕೊಯ್ಲಿನ ದೊಡ್ಡ ಮಷೀನು ಅದರ ಮೂರು-ನಾಲ್ಕು ಪಟ್ಟು, ಮೇಲೆ ಕಾಳು ತುಂಬಿದ ತೊಟ್ಟಿ ಬೇರೆ. ಅದರ ತುಳಿತ ಕುಂಟೆ ಮುಟ್ಟದ ಆಳಕ್ಕೆ ಹೋಗುತ್ತದೆ. ಹೆಚ್ಚಿನ ಹಾನಿ ಮೊದಲನೇ ಓಡಾಟದಲ್ಲೇ ಆಗಿಹೋಗುತ್ತದೆ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ತಮ್ಮನ ಟ್ರ್ಯಾಕ್ಟರಿನ ಹಿಂದಿನ ಟೈರು ಒಂದೊಂದೂ 35 ಸೆಂಟಿಮೀಟರ್ ಅಗಲ. ಎರಡೂ ಸೇರಿ 70. ಹಿಂದೆ ಕಟ್ಟುವ ಕಲ್ಟಿವೇಟರು ಸುಮಾರು 2 ಮೀಟರ್. ಅಂದರೆ ಒಂದು ಸಲ ಹೊಲವೆಲ್ಲ ಓಡಾಡಿದರೆ ಮೂರರಲ್ಲಿ ಒಂದು ಪಾಲು ನೆಲ ಗಾಲಿಗೆ ಸಿಕ್ಕಿತು. ಪ್ರತಿ ಸಲ ಬೇರೆ ಬೇರೆ ದಾರಿಯಲ್ಲಿ ಐದು ಸಲ ಹೋದರೆ, ಒಮ್ಮೆಯೂ ತುಳಿಯದೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ಆ ಹಳದಿ ಗೆರೆಗಳು ನಮಗೆ ಕಂಡದ್ದೇ ಅದೃಷ್ಟ. ಹೊಲವೆಲ್ಲ ಒಂದೇ ಸಮ ಒತ್ತಿಹೋದಾಗ ಗೆರೆ ಕಾಣುವುದಿಲ್ಲ, ಇಳುವರಿ ಯಾಕೋ ಕಮ್ಮಿ ಎಂದಷ್ಟೇ ಕಾಣುತ್ತದೆ. ಆಗ ನಾವು ಇನ್ನೊಂದು ಚೀಲ ಗೊಬ್ಬರ ಹಾಕುತ್ತೇವೆ.

ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಇದೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಮೇಲೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ, 1972ರಲ್ಲಿ ಶುರುವಾದದ್ದು. ನಾನು ಎಷ್ಟೋ ವರ್ಷ ಅದರ ಗೇಟಿನ ಮುಂದೆಯೇ ಸೈಟಿಗೆ ಓಡಾಡಿದ್ದೇನೆ, ಒಳಗೇನಿದೆ ಎಂದು ಕೇಳಿದವಳಲ್ಲ. ಆ ಬೇಸಿಗೆಯಲ್ಲಿ ಪರಿಚಯದವರೊಬ್ಬರ ಜೊತೆ ಹೋದೆ. ಅಲ್ಲಿ ಒಂದೇ ಆವರಣದಲ್ಲಿ ಎರೆಮಣ್ಣೂ ಇದೆ, ಕೆಂಪುಮಣ್ಣೂ ಇದೆ. ಒಂದೇ ಮಳೆ, ಒಂದೇ ಬಿಸಿಲು, ಆದರೆ ಎರಡರ ಸ್ವಭಾವ ಬೇರೆ.

ಕೆಂಪುಮಣ್ಣಿನಲ್ಲಿ ಜೇಡಿ ಕಡಿಮೆ, ಇರುವ ಜೇಡಿಯೂ ಹೆಚ್ಚು ಉಬ್ಬಿ ಕುಗ್ಗುವ ಜಾತಿಯದಲ್ಲ. ಬರಿ ನೆಲದ ಮೇಲೆ ಜೋರು ಮಳೆಹನಿ ಬಿದ್ದರೆ ಮೇಲ್ಪದರ ಕಲಸಿಹೋಗಿ, ಒಣಗಿದ ಮೇಲೆ ಹಪ್ಪಳದ ಹಾಗೆ ಬಿಲ್ಲೆಗಟ್ಟುತ್ತದೆ. ಮೊಳಕೆ ಅದನ್ನು ಒಡೆದು ಮೇಲೆ ಬರಲು ಹೆಣಗುತ್ತದೆ. ಮುಂದಿನ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ಎರೆಮಣ್ಣಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮೇಲಿನ ಹರಳು ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ಉಬ್ಬಿ ಮುಚ್ಚುತ್ತದೆ. ವರ್ಷ ವರ್ಷ ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಅದು. ಚಳಿ ದೇಶಗಳಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬಿ ಮೇಲ್ಮಣ್ಣನ್ನು ಸಡಿಲಗೊಳಿಸುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು ಬಿಸಿಲು. ಆದರೆ ವರ್ಷವಿಡೀ ನೀರು ಕೊಟ್ಟು ಬೆಳೆ ಮೇಲೆ ಬೆಳೆ ತೆಗೆಯುವ ಕಡೆ ಆ ಬಿರುಕೂ ಸರಿಯಾಗಿ ಬೀಳುವುದಿಲ್ಲ. ಮಣ್ಣಿಗೆ ತನ್ನ ಗಾಯ ಮಾಯಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ.

ನಮ್ಮ ಬಿಸಿಲಿಗೆ ಇನ್ನೊಂದು ಮುಖವೂ ಇದೆ. ಸೆಕೆಯಲ್ಲಿ ಕೊಟ್ಟಿಗೆ ಗೊಬ್ಬರ, ಕಸ-ಕಡ್ಡಿ ಬೇಗ ಕೊಳೆತು ಮುಗಿದುಹೋಗುತ್ತವೆ. ಹರಳನ್ನು ಹರಳಾಗಿ ಹಿಡಿದಿಡುವ ಅಂಟು ಅದರಿಂದಲೇ ಬರುವುದು. ಹಾಗಾಗಿ ನಮ್ಮ ನೆಲಕ್ಕೆ ಅದನ್ನು ಮತ್ತೆ ಮತ್ತೆ ಕೊಡುತ್ತಿರಬೇಕು. ಎತ್ತು ಹೋದ ಮೇಲೆ ನಮ್ಮ ತಿಪ್ಪೆ ಬರಿದಾಗಿತ್ತು. ಟ್ರ್ಯಾಕ್ಟರು ಸಗಣಿ ಹಾಕುವುದಿಲ್ಲ.

ಅಲ್ಲಿನ ಎರೆಹೊಲದಲ್ಲಿ ನಾನು ನೋಡಲು ಹೋದದ್ದು ಏರುಮಡಿ ಪದ್ಧತಿಯನ್ನು. 1976ರಿಂದ ನಡೆಸಿಕೊಂಡು ಬಂದ ಪ್ರಯೋಗ. ಒಂದು ಮೀಟರ್ ಅಗಲದ ಏರುಮಡಿ, ಅರ್ಧ ಮೀಟರಿನ ಸಾಲು, ಮತ್ತೆ ಮಡಿ, ಮತ್ತೆ ಸಾಲು. ಹೆಚ್ಚಾದ ಮಳೆನೀರು ಸಾಲಿನಲ್ಲಿ ನಿಧಾನವಾಗಿ ಹರಿದುಹೋಗುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಎತ್ತಾಗಲಿ ಗಾಲಿಯಾಗಲಿ ಹೋಗುವುದು ಸಾಲಿನಲ್ಲಿ ಮಾತ್ರ, ಮಡಿಯನ್ನು ಯಾರೂ ತುಳಿಯುವುದಿಲ್ಲ. ತುಳಿಯುವ ಜಾಗ ಬೇರೆ, ಬೆಳೆಯುವ ಜಾಗ ಬೇರೆ. ಆಗ ಅದಕ್ಕೆಂದೇ ಮಾಡಿದ, ಎತ್ತು ಎಳೆಯುವ ಗಾಲಿಯ ಸಲಕರಣೆ ಸಣ್ಣ ರೈತರಿಗೆ ದುಬಾರಿಯಾಯಿತು, ಹಳ್ಳಿಗಳಲ್ಲಿ ಅಷ್ಟಾಗಿ ಹಬ್ಬಲಿಲ್ಲ. ಈಚೆಗೆ ಮಹಾರಾಷ್ಟ್ರ, ಮಧ್ಯಪ್ರದೇಶದ ಸೋಯಾಬೀನ್ ಹೊಲಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಕೂರಿಗೆಯ ರೂಪದಲ್ಲಿ ಮತ್ತೆ ಬಂದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ನಮ್ಮಂಥದೇ ಎರೆಮಣ್ಣಿದೆ. ಅಲ್ಲಿನ ದೊಡ್ಡ ರೈತರು ಎಲ್ಲ ಮಷೀನುಗಳನ್ನೂ ವರ್ಷ ವರ್ಷ ಒಂದೇ ಜಾಡಿನಲ್ಲಿ ಓಡಿಸುತ್ತಾರೆ.

ಊರಿಗೆ ಫೋನ್ ಮಾಡಿ ತಮ್ಮನಿಗೆ ಇದೆಲ್ಲ ಹೇಳಿದೆ. ಅವನು ಕೇಳಿ, "ಜಾಡು ಹಿಡದು ಹೊಡಿಯೂದು ಆಗತೈತಿ. ಕಾಯೂದು ಹೆಂಗ?" ಅಂದ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಇಕ್ರಿಸ್ಯಾಟಿನಲ್ಲಿರಲಿಲ್ಲ, ನನ್ನ ಪಾಸ್‌ಬುಕ್ಕಿನಲ್ಲಿತ್ತು. ಅವನಿಗೆ ಟ್ರ್ಯಾಕ್ಟರ್ ಕೊಡಿಸಿ ಉಪಕಾರ ಮಾಡಿದೆ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಮುಂಗಡ ಕೊಟ್ಟು ಕೈತೊಳೆದುಕೊಂಡಿದ್ದೆ, ಅಷ್ಟೇ. ಉಳಿದ ಕಂತುಗಳಲ್ಲಿ ಪ್ರತಿ ಸಲ ಒಂದು ಪಾಲು ನಾನು ಕಟ್ಟುತ್ತೇನೆ, ಮಳೆ ಆದ ಮೇಲಿನ ಎರಡು-ಮೂರು ದಿನ ಟ್ರ್ಯಾಕ್ಟರ್ ಮನೆ ಮುಂದೆ ನಿಲ್ಲಲಿ ಎಂದು ಮಾತಾಯಿತು. ಅವನು ಮೊದಲು ಒಪ್ಪಲಿಲ್ಲ. ಅಕ್ಕನ ದುಡ್ಡು ಎಷ್ಟು ಸಲ ತಗೊಳ್ಳಲಿ ಎಂಬುದು ಅವನ ಸಂಕೋಚ. "ಇದು ದಾನ ಅಲ್ಲೋ, ಬಾಡಿಗಿ. ಕಾಯೂ ಬಾಡಿಗಿ" ಅಂದೆ. ನಮ್ಮ ಸೈಟಿನಲ್ಲಿ ನಿಂತ ರೋಲರಿಗೆ ಕೊಡುವ ಹಾಗೆಯೇ. ಈಗ ನಮ್ಮ ಮನೆಯಲ್ಲಿ ಆ ದುಡ್ಡಿಗೆ ಅದೇ ಹೆಸರು.

ಉಳಿದ ಕೆಲಸ ಅವನದು. ಬದುವಿನ ಕಲ್ಲುಗಳಿಗೆ ಸುಣ್ಣ ಬಳಿದು ಜಾಡು ಗುರುತು ಮಾಡಿದ. ಟ್ರ್ಯಾಕ್ಟರ್ ಯಾವಾಗ ಇಳಿದರೂ ಅದೇ ಜಾಡು. ಜಾಡಿನ ಮೇಲೆ ಬಿತ್ತುವುದಿಲ್ಲ. ಹೊಲದ ಅಷ್ಟು ಪಾಲು ಬೆಳೆಯಿಲ್ಲದೆ ಬಿಟ್ಟದ್ದಕ್ಕೆ ಊರವರು ನಕ್ಕರು. ಕಾಳು ತುಂಬುವ ಟ್ರಾಲಿ ಹೊಲದೊಳಗೆ ಬರುವುದಿಲ್ಲ, ದಾರಿಯ ಮೇಲೇ ನಿಲ್ಲುತ್ತದೆ. ಮಣ್ಣನ್ನು ಹಿಟ್ಟು ಮಾಡುತ್ತಿದ್ದ ರೋಟಾವೇಟರನ್ನು ಬಿಟ್ಟ. ಹೆಂಟೆ ಇದ್ದರೆ ಇರಲಿ, ಮಳೆಗೆ ಅದು ತಾನೇ ಬಿಡಿಸಿಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ತೀರ ಗಟ್ಟಿಯಾದ ಒಂದು ಪಟ್ಟಿಯನ್ನು ಏಪ್ರಿಲ್‌ನಲ್ಲಿ, ನೆಲ ಪೂರ್ತಿ ಒಣಗಿದ್ದಾಗ, ಆಳಕ್ಕೆ ಸೀಳಿಸಿದ. ಹಸಿ ನೆಲದಲ್ಲಿ ಆ ಕೆಲಸ ಮಾಡಿದರೆ ಮಣ್ಣು ಒಡೆಯುವುದಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಗೆರೆ ಮಾತ್ರ ಬೀಳುತ್ತದೆ. ಸೀಳಿದ ಮೇಲೆ ಮತ್ತೆ ಅಲ್ಲೇ ಗಾಲಿ ಹೋದರೆ ಖರ್ಚು ಮಾಡಿದ್ದೂ ವ್ಯರ್ಥ. ಕಡಲೆಯ ಜೊತೆ ಕುಸುಬೆಯ ಅಕ್ಕಡಿ ಸಾಲು ಮತ್ತೆ ಹಾಕಿದ. ಕುಸುಬೆಯ ಬೇರು ಆಳಕ್ಕೆ ಇಳಿಯುವ ಬೇರು, ಅದು ಕೊಳೆತ ಮೇಲೆ ಮುಂದಿನ ಬೆಳೆಗೆ ಒಂದು ತೂತು ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಕುರಿಯವರನ್ನು ಕರೆದು ಹೊಲದಲ್ಲಿ ಕುರಿ ತರುಬಿಸಿದ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಮೇಲಿನ ಮಣ್ಣು ಎರಡು ವರ್ಷಕ್ಕೆ ಹೊರಳಿತು. ಕಳೆದ ಎಳ್ಳ ಅಮವಾಸ್ಯೆಗೆ ಅದೇ ಹಳೆಯ ಗೆರೆಯಲ್ಲಿ ಮತ್ತೆ ಗುಂಡಿ ತೋಡಿದೆವು. ಆ ಗಟ್ಟಿ ಪದರ ಇನ್ನೂ ಇದೆ. ಆದರೆ ಅದರಲ್ಲಿ ಬಿರುಕು ಬಿದ್ದಿವೆ, ಕೆಲವು ಬೇರುಗಳು ಆ ಬಿರುಕು ಹುಡುಕಿಕೊಂಡು ಕೆಳಗೆ ಇಳಿದಿವೆ. ಆಳದಲ್ಲಿ ಒತ್ತಿಹೋದ ಮಣ್ಣು ಮೊದಲಿನಂತಾಗಲು ದಶಕಗಳೇ ಬೇಕಾಗಬಹುದು. ಒಂದು ಮಧ್ಯಾಹ್ನದ ಕೊಯ್ಲಿನ ಬೆಲೆ ಅದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಗೆ ಊರಲ್ಲಿ ಒಂದಿಷ್ಟು ಹೊಲ ಇರಬಹುದು. ಅಣ್ಣನೋ ತಮ್ಮನೋ ಮಾಡುತ್ತಿರಬಹುದು, ಇಲ್ಲವೇ ಲಾವಣಿಗೆ ಕೊಟ್ಟಿರಬಹುದು. ಮುಂದಿನ ಸಲ ಹೋದಾಗ ಒಂದು ಸಲಿಕೆ ತಗೊಂಡು ಮೊಣಕಾಲುದ್ದ ಗುಂಡಿ ತೋಡಿ ನೋಡಿ. ಬೆಳೆಯ ನಡುವೆ ಒಂದು, ಗಾಲಿ ಹೋಗದ ಬದುವಿನ ಹತ್ತಿರ ಒಂದು. ಮಣ್ಣು ಹರಳಾಗಿ ಬರುತ್ತದೋ ಬಿಲ್ಲೆಯಾಗಿ ಬರುತ್ತದೋ, ಬೇರು ಕೆಳಗೆ ಹೋಗಿದೆಯೋ ಅಡ್ಡ ತಿರುಗಿದೆಯೋ, ಅಷ್ಟೇ ನೋಡುವುದು. ಬಿಲ್ಲೆ ಕಂಡರೆ ಹೊಲ ಮಾಡುವವರಿಗೆ ಉಪದೇಶ ಮಾಡಬೇಡಿ, ನಾನು ಮಾಡಿದ ಹಾಗೆ. ಅವರಿಗೆ ಗೊತ್ತಿರುತ್ತದೆ. ಕಾಯಲು ಏನು ಅಡ್ಡಿ ಎಂದು ಕೇಳಿ. ನಾವು ಊರಿಗೆ ಕಳಿಸುವ ದುಡ್ಡು ಹೊಲಕ್ಕೆ ಅವಸರ ತರುತ್ತಿದೆಯೋ ಪುರುಸೊತ್ತು ತರುತ್ತಿದೆಯೋ ಎಂಬ ಪ್ರಶ್ನೆ ನಮಗೆ ಬಿಟ್ಟದ್ದು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಡೆ ಮಳೆ ಆಗಿತ್ತು, ಹೈದರಾಬಾದಿನಲ್ಲೂ ಆಗಿತ್ತು. ಸೈಟಿನಲ್ಲಿ ರೋಲರ್ ನಿಲ್ಲಿಸಿ ಎರಡನೇ ದಿನ. ಮುಂಜಾನೆ ಏಳಕ್ಕೆ ತಮ್ಮನ ಫೋನ್ ಬಂತು. ಬಾಡಿಗೆಗೆ ಕರೆದವರು ಯಾರೋ ಅವನ ಹಿಂದೆ ನಿಂತು ಕೂಗಾಡುತ್ತಿದ್ದುದು ಕೇಳುತ್ತಿತ್ತು.

"ಯಕ್ಕಾ, ಹೊಲದಾಗ ಅದೀನಿ. ಉಂಡಿ ಇನ್ನಾ ಒಡೆಯಾಕತ್ತಿಲ್ಲ" ಅಂದ. "ಇನ್ನ ಎರಡ ದಿನ ತಡೀತೀನಿ."

"ತಡಿ" ಅಂದೆ. "ನಾವೂ ತಡೆದೀವಿ."